ಬಡಾವಣೆ ರಸ್ತೆಗೆ ಹಂಪ್: ಅಳತೆ ಎಷ್ಟು, ಅರ್ಜಿ ಯಾರಿಗೆ?

ಗೋಕುಲ ರೋಡ್ ಕಡೆಯವ

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ಬರುವ ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಹೊಸದಾಗಿ ಡಾಂಬರು ಬಿದ್ದಿದೆ. ಡಾಂಬರಿನ ಅಗಲ 7 ಮೀಟರ್, ನೇರ ರಸ್ತೆ, ನಡುವೆ ಒಂದು ಪ್ರಾಥಮಿಕ ಶಾಲೆ. ದೊಡ್ಡ ರಸ್ತೆಯ ಗದ್ದಲ ತಪ್ಪಿಸಲು ಟಂಟಂ, ಟಿಪ್ಪರ್ ಎಲ್ಲ ಇತ್ತ ನುಗ್ಗುತ್ತಿವೆ. ಚಂದಾ ಪಟ್ಟಿ ಎತ್ತಿ ನಾವೇ ನಾಲ್ಕು ಕಾಂಕ್ರೀಟ್ ಹಂಪ್ ಹಾಕಿಬಿಡೋಣ ಎಂಬ ಮಾತು ನಿವಾಸಿಗಳ ಸಂಘದಲ್ಲಿ ಬಂದಿದೆ. ಇದೇ ರಸ್ತೆಯಲ್ಲಿ ನೀರಿನ ಪೈಪ್ ಕೆಲಸವೂ ಬಾಕಿ ಇದೆ. ಸರಿಯಾದ ಅಳತೆ ಏನು? ಯಾರ ಅನುಮತಿ ಬೇಕು?

ಡಾಂಬರ್ ಮಂದಿ

ಕಾಂಕ್ರೀಟ್ ದಿಬ್ಬ ಹಾಕಬ್ಯಾಡ್ರಿ. ಒಂದ ಅಡಿ ಅಗಲದ ದಿಬ್ಬದಾಗ ಸಾವಕಾಶ ಹೋಗೋ ಸ್ಕೂಟರಿಗೆ, ಬಸುರಿ ಹೆಂಗಸರಿಗೆ, ಬೆನ್ನುನೋವಿನವ್ರಿಗೆ ಪೆಟ್ಟು. ಜೋರಾಗಿ ಬರೋ ದೊಡ್ಡ ಗಾಡಿಗೆ ಏನೂ ಆಗೂದಿಲ್ಲ, ಹೊಡತ ಎಲ್ಲಾ ಸಸ್ಪೆನ್ಶನ್ ನುಂಗತೈತಿ. ಅಂದ್ರ ಯಾರನ್ನ ತಡೀಬೇಕೋ ಅವ್ರನ್ನ ಬಿಟ್ಟು ಉಳದವ್ರಿಗೆ ಶಿಕ್ಷಾ.

ರಸ್ತೆ ಅಳತಿ ಗೊತ್ತುಮಾಡೋ ಸಂಸ್ಥಾ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಹಂಪಿನ ಮಾರ್ಗಸೂಚಿ ಐಆರ್‌ಸಿ 99 ಪ್ರಕಾರ ದುಂಡನೆ ಹಂಪ್ ಗಾಡಿ ಹೋಗೋ ದಿಕ್ಕಿನಾಗ 3.7 ಮೀಟರ್ ಇರಬೇಕು, ನಡುವ ಎತ್ತರ 10 ಸೆಂ.ಮೀ., ಕಮಾನಿನ ತ್ರಿಜ್ಯ 17 ಮೀಟರ್. ಇದನ್ನ ಗಂಟೆಗೆ 25 ಕಿ.ಮೀ. ವೇಗದಾಗ ಆರಾಮ ದಾಟಬಹುದು. ಗುತ್ತಿಗೆದಾರರು ಕಣ್ಣಂದಾಜಿಲೆ ಹಾಕ್ತಾರ, ಅಲ್ಲೇ ಕೆಡೂದು. ಪ್ಲೈವುಡ್ಡಿನ ಒಂದು ಅಚ್ಚು ಕೊಯ್ಸಿ ಇಟ್ಕೊಳ್ರಿ: ನಡುವ 10 ಸೆಂ.ಮೀ., ಅಲ್ಲಿಂದ ಎರಡೂ ಕಡೆ 92 ಸೆಂ.ಮೀ. ದೂರದಾಗ 7.5, ತುದಿಗೆ ಸೊನ್ನೆ. ರೋಲರ್ ಹೊಡದ ಮ್ಯಾಲ ಅಚ್ಚು ಕೂಡ್ರಿಸಿ ನೋಡ್ರಿ. ಮಾಲು ಇನ್ನೂ ಬಿಸಿ ಇದ್ದಾಗ ಮಾತ್ರ ತಿದ್ದಾಕ ಬರತೈತಿ.

7 ಮೀಟರ್ ರಸ್ತೆಗೆ ಒಂದು ಹಂಪಿಗೆ ಸುಮಾರು 1.7 ಘನ ಮೀಟರ್, ಅಂದ್ರ 4 ಟನ್ ಹಾಟ್ ಮಿಕ್ಸ್ (ಬಿಸಿ ಡಾಂಬರು-ಜಲ್ಲಿ ಮಿಶ್ರಣ) ಬೇಕು. ಬುಟ್ಟಿಲೆ ಹಾಕೋ ಕೆಲಸ ಅಲ್ಲ. ಹಳೆ ಡಾಂಬರು ಕಸಬರಗಿ ಹೊಡದು, ಟ್ಯಾಕ್ ಕೋಟ್ (ಹೊಸಾದು ಹಳೇದಕ್ಕ ಅಂಟಾಕ ತೆಳು ಡಾಂಬರಿನ ಲೇಪ) ಸಿಂಪಡಿಸಬೇಕು. ಇಲ್ಲಂದ್ರ ಮೊದಲ ಮಳೆಗೆ ಅಂಚು ಎದ್ದು ಸಿಪ್ಪಿ ಸುಲದಂಗ ಸುಲೀತೈತಿ.

ಬಣ್ಣ, ಬೋರ್ಡ್ ತಯಾರಿಲ್ದ ಹಂಪ್ ಹಾಕಿಸಬ್ಯಾಡ್ರಿ. ಎಚ್ಚರಿಕೆ ಬೋರ್ಡ್ 40 ಮೀಟರ್ ಮುಂಚೆ ಬೇಕು. ಬಣ್ಣ ಇಲ್ಲದ ಮೊದಲ ರಾತ್ರಿನೇ ಬೈಕಿನವ್ರು ಬೀಳೂದು. ‘ಬಣ್ಣ ನಾಳೆ’ ಅಂದ್ರ, ‘ಹಂಪೂ ನಾಳೆ’ ಅನ್ರಿ.

ನಕ್ಷೆ ನೋಡುವವ

ಅನುಮತಿಯ ವಿಷಯ. ಮೊದಲು ರಸ್ತೆ ಯಾರದ್ದು ಎಂದು ನೋಡಿ. ಹುಡಾದಿಂದ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ನಕ್ಷೆ ಮಂಜೂರಾದ ಖಾಸಗಿ ಬಡಾವಣೆ ಪಾಲಿಕೆಗೆ ಇನ್ನೂ ಹಸ್ತಾಂತರವಾಗಿರದಿದ್ದರೆ ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯುತ್ತಲೇ ಇರುತ್ತದೆ. ಹಸ್ತಾಂತರ ಪತ್ರದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಪತ್ರ ಎರಡು: ಪಾಲಿಕೆಯ ವಲಯ ಕಚೇರಿ ಎಂಜಿನಿಯರಿಗೆ ಒಂದು, ನಿಮ್ಮ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಗೆ ಒಂದು. ಎರಡರಲ್ಲೂ ಜಂಟಿ ಸ್ಥಳ ಪರಿಶೀಲನೆ ಕೇಳಿ. ‘ಹಂಪ್ ಬೇಕು’ ಎಂದಷ್ಟೇ ಬರೆದ ಅರ್ಜಿ ಕಡತದ ತಳ ಸೇರುತ್ತದೆ. ಶಾಲೆ ಬಿಡುವ ಹೊತ್ತಿನ ಅರ್ಧ ಗಂಟೆಯಲ್ಲಿ ಎಷ್ಟು ಟಿಪ್ಪರ್, ಎಷ್ಟು ಟಂಟಂ, ಎಷ್ಟು ಮಕ್ಕಳು ರಸ್ತೆ ದಾಟುತ್ತಾರೆ ಎಂದು ಎಣಿಸಿ ಬರೆಯಿರಿ. ಜಾಗವನ್ನು ‘ಗುಡಿ ಹತ್ತಿರ’ ಎನ್ನದೆ ಹೆಸ್ಕಾಂ ವಿದ್ಯುತ್ ಕಂಬದ ಸಂಖ್ಯೆಯಿಂದ ಗುರುತಿಸಿ.

ಟಿಪ್ಪರ್‌ಗೆ ಹಂಪ್ ಮದ್ದಲ್ಲ. ಶಾಲೆಯ ಹೊತ್ತಿನಲ್ಲಿ ಭಾರಿ ವಾಹನ ನಿರ್ಬಂಧ ಬೇಕೆಂದು ಪೊಲೀಸರ ಪತ್ರದಲ್ಲೇ ಕೇಳಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಅದಕ್ಕೇ ಇರುವುದು. ನಾಲ್ಕು ಹಂಪ್ ನನ್ನ ಮಟ್ಟಿಗೆ ಹೆಚ್ಚಾಯಿತು. ಶಾಲೆಯ ಗೇಟಿನೆದುರು ಎತ್ತರಿಸಿದ ಪಾದಚಾರಿ ದಾಟು ಒಂದು, ಗೋಕುಲ ರಸ್ತೆ ಸೇರುವ ಬಾಯಿಯಿಂದ ಸುಮಾರು 5 ಮೀಟರ್ ಒಳಗೆ ಒಂದು ಹಂಪ್ ಸಾಕು.

ಎರೆ ಹೊಲ

ಪೈಪಿನ ಕೆಲಸ ಮುಗಿಯದೆ ಹಂಪ್ ಹಾಕಿಸಿದರೆ ಹಣ ನೀರಿಗೆ ಹೋದಂತೆ. ಹುಬ್ಬಳ್ಳಿಯ ಎರೆ (ಕಪ್ಪು) ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಗೆದ ಅದೇ ಎರೆಯನ್ನು ಹೆಂಟೆ ಸಮೇತ ಜೆಸಿಬಿಯಿಂದ ತಳ್ಳಿ ಮೇಲೆ ಡಾಂಬರು ಬಳಿದರೆ, ಒಂದೇ ಮಳೆಗಾಲದಲ್ಲಿ ಪೈಪಿಗಾಗಿ ಅಗೆದ ಕಾಲುವೆಯ ಉದ್ದಕ್ಕೂ ತಗ್ಗು. ಹಂಪ್ ಅದರ ಮೇಲೆ ಅಡ್ಡ ಬಂದರೆ ನಡುವೆ ಸೀಳುತ್ತದೆ.

ಕೇಳಬೇಕಾದದ್ದು ಇಷ್ಟು: ಪೈಪಿನ ಸುತ್ತ ಮರಳು, ಅದರ ಮೇಲೆ ಗರಸು (ಮೊರಂ), 15ರಿಂದ 20 ಸೆಂ.ಮೀ.ನ ಪದರಗಳಲ್ಲಿ. ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ಯಂತ್ರದಿಂದ ಕುಟ್ಟಬೇಕು. ಕಾಲುವೆ ತುಂಬಾ ನೀರು ಬಿಟ್ಟು ‘ತಾನೇ ಕೂಡುತ್ತದೆ’ ಎನ್ನುವುದು ಮರಳಿಗೆ ನಡೆದೀತು, ಎರೆಗೆ ನಡೆಯದು. ಡಾಂಬರನ್ನು ಕಟರ್‌ನಿಂದ ನೇರ ಕೊಯ್ಯಿಸಿ. ಬ್ರೇಕರ್ ಹೊಡೆದ ಹರಕು ಅಂಚಿನಿಂದಲೇ ನೀರು ಇಳಿಯುವುದು. ಮನೆ ಸಂಪರ್ಕದ ಅಡ್ಡ ಪೈಪುಗಳನ್ನೂ ಇದೇ ಸುತ್ತಿನಲ್ಲಿ ಮುಗಿಸಿಕೊಳ್ಳಿ.

ಗೋಕುಲ ರೋಡ್ ಕಡೆಯವ

ಹಂಪ್ ಪಕ್ಕದಲ್ಲಿ ಮಳೆನೀರು ನಿಲ್ಲುವುದಿಲ್ಲವೇ? ಪೈಪಿನ ಕೆಲಸ ಮುಗಿಯುವವರೆಗೆ ಪ್ಲಾಸ್ಟಿಕ್ ಹಂಪ್ ಆದೀತೇ?

ಡಾಂಬರ್ ಮಂದಿ

ಗಟಾರದ ಕಡೆ 20 ಸೆಂ.ಮೀ. ಸಂದು ಬಿಡ್ರಿ, ನೀರು ಹರೀತೈತಿ. ಅದಕ್ಕಿಂತ ಹೆಚ್ಚು ಬಿಟ್ರ ಬೈಕಿನವ್ರು ಅಲ್ಲೇ ತೂರ್ತಾರ. ಪ್ಲಾಸ್ಟಿಕ್ ಪಟ್ಟಿ ಬ್ಯಾಡ. ಟಿಪ್ಪರ್ ಓಡಾಡೋ ರಸ್ತೆದಾಗ ಬೋಲ್ಟ್ ಸಡಲಾಗಿ ತುಂಡು ಕಿತ್ತ ಹೋಗ್ತಾವು, ಉಳದ ಮೊಳೆ ಟೈರಿಗೆ ಚುಚ್ಚತಾವು. ಪೈಪ್ ಮುಗಿಯೋತನಕ ಶಾಲೆ ಬಿಡೋ ಹೊತ್ತಿಗೆ ಪೊಲೀಸರನ್ನ ಕೇಳಿ ಎರಡು ಬ್ಯಾರಿಕೇಡ್ ಓರೆಕೋರೆಯಾಗಿ ನಿಲ್ಲಸ್ರಿ, ಪ್ರತಿಫಲಕ ಪಟ್ಟಿ ಅಂಟಿಸಿದ್ದ ಇರಲಿ.