ಉಳಿಗೆ ಹದ ಹಿಡಿಸುವಾಗ ಯಾವುದನ್ನು ನಂಬಬೇಕು?

ಪ್ರಶ್ನೆ (ಬದಿಯಡ್ಕ): ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮರಗೆಲಸದ ಉಳಿ ಮಾಡುತ್ತಿದ್ದೇನೆ. ಕೆಂಪು ನೋಡಿ ಎಣ್ಣೆಗೆ ಅದ್ದಬೇಕೆಂದು ನಮ್ಮೂರಿನ ಆಚಾರಿಯವರು ಹೇಳುತ್ತಾರೆ. ಪುಸ್ತಕ ಡಿಗ್ರಿಯ ಲೆಕ್ಕ ಕೊಡುತ್ತದೆ. ಉಷ್ಣಮಾಪಕವಿಲ್ಲದ ನನಗೆ ಯಾವುದು ದಾರಿ?

ಉತ್ತರ (ಕುಂಬಳೆ): ಆಚಾರಿಯವರ ಮಾತು ಸರಿ, ಆದರೆ ನೆರಳಿನಲ್ಲಿ ನೋಡಿ. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಂಡು ಅತಿಯಾಗಿ ಕಾಯಿಸಿಬಿಡುತ್ತೇವೆ.

ಉತ್ತರ (ಕಾಸರಗೋಡು): ನಾನು ಮೆಕ್ಯಾನಿಕಲ್ ಓದಿದವನು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೂ 50–60 ಡಿಗ್ರಿ ಏರಿಸಿ ಎಣ್ಣೆಗೆ ಅದ್ದಿ, ಬಳಿಕ ಉಜ್ಜಿ ಹೊಳಪಿಸಿ ನಿಧಾನವಾಗಿ ಕಾಯಿಸಿದರೆ ಸುಮಾರು 230ಕ್ಕೆ ಒಣಹುಲ್ಲಿನ ಹಳದಿ ಮೂಡುತ್ತದೆ. ಬಾಯಿಗೆ ಅಷ್ಟು ಸಾಕು. 300ರ ನೀಲಿಗೆ ಹೋದರೆ ಗಡಸುತನ ಇಳಿಯುತ್ತದೆ.

ಉತ್ತರ (ಮುಳ್ಳೇರಿಯ): ಮೊದಲು ಸಣ್ಣ ತುಂಡೊಂದನ್ನು ಹಾಗೆಯೇ ಅದ್ದಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮುರಿದು ನೋಡಿ: ಒಳಮೈ ನುಣ್ಣನೆಯ ಬೂದಾಗಿದ್ದರೆ ಕಾವು ಸರಿ, ಹರಳುಹರಳಾಗಿ ಮಿನುಗಿದರೆ ಹೆಚ್ಚಾಗಿದೆ.