ಕ್ಲಿನಿಕ್‌ಗೆ ಜಪಾನಿ ಮಾದರಿಯ ರಿಸೆಪ್ಷನ್ ಮೇಜು: ಯಾವ ಮರ, ಯಾವ ಜೋಡಣೆ, ಯಾವ ಲೇಪನ?

ಪ್ರಶ್ನೆ: ಬಸವನಗುಡಿ ದಂತವೈದ್ಯೆ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಹಳೆಯ ಮನೆಯೊಂದರ ಕೆಳ ಅಂತಸ್ತಿನಲ್ಲಿ ದಂತ ಚಿಕಿತ್ಸಾಲಯ ಆರಂಭಿಸುವ ಸಿದ್ಧತೆಯಲ್ಲಿದ್ದೇನೆ. ಮನೆಯ ರೆಡ್‌ಆಕ್ಸೈಡ್ ನೆಲವನ್ನೂ ತೇಗದ ಬಾಗಿಲುವಾಡಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದೇವೆ. ಹಜಾರಕ್ಕೆ ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ರಿಸೆಪ್ಷನ್ ಮೇಜೊಂದು ಬೇಕಾಗಿದೆ. ಗುತ್ತಿಗೆದಾರರು ತಂದ ನಕ್ಷೆಯಲ್ಲಿ ಪ್ಲೈವುಡ್ ಪೆಟ್ಟಿಗೆಯ ಮೇಲೆ ಮರದ ಚಿತ್ರವುಳ್ಳ ಲ್ಯಾಮಿನೇಟ್, ಮುಂಭಾಗಕ್ಕೆ ಬಿದಿರಿನ ಚಿತ್ರದ ಫಲಕ, ಕೆಳಗೊಂದು ಎಲ್‌ಇಡಿ ಪಟ್ಟಿ ಇದ್ದವು. ಇವಿಷ್ಟಕ್ಕೆ ‘ಜಪಾನಿ ಥೀಮ್’ ಎಂದು ಹೆಸರಿಟ್ಟಿದ್ದರು. ಅದನ್ನು ಒಪ್ಪಲು ನನ್ನಿಂದ ಆಗಲಿಲ್ಲ.

ನನಗೆ ಬೇಕಾದುದು ನಿಜವಾದ ಮರ, ಕಲ್ಲು, ಸುಣ್ಣಗಳಿಂದ ಕೈಯಲ್ಲಿ ಮಾಡಿದ, ಅಲಂಕಾರ ಕಡಿಮೆಯಿರುವ ಮೇಜು. ಅಂಚನ್ನು ಕತ್ತರಿಸದೆ ಮರದ ಸಹಜ ಬಾಗನ್ನೇ ಉಳಿಸಿದ ದಪ್ಪ ಹಲಗೆ, ‘ಯಾಕಿಸುಗಿ’ ಎಂದು ಕರೆಯುವ ಸುಟ್ಟ ಕಪ್ಪು ಹಲಗೆಯ ಮುಂಭಾಗ, ತೆಳುವಾದ ಮರದ ಕಡ್ಡಿಗಳನ್ನು ಜೋಡಿಸಿ ಮಾಡುವ ‘ಕುಮಿಕೊ’ ಜಾಲರಿ ಇವು ಚಿತ್ರಗಳಲ್ಲಿ ತುಂಬಾ ಹಿಡಿಸಿವೆ. ಇವುಗಳಲ್ಲಿ ಯಾವುದು ಬೆಂಗಳೂರಿನ ಹವೆಗೂ ಇಲ್ಲಿನ ಬಡಗಿಗಳ ಕೈಗೂ ಹೊಂದುತ್ತದೆ, ದಿನವಿಡೀ ಸ್ಯಾನಿಟೈಸರ್ ಬೀಳುವ ಜಾಗದಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ತೋಪಡ

ಮೇಡಂ, ಮೊದಲು ಮೇಲ್ಹಲಗೆಯ ಮಾತು, ಏಕೆಂದರೆ ಇಡೀ ಮೇಜಿನ ಆಯಸ್ಸು ಅದನ್ನು ಕೂರಿಸುವ ಕ್ರಮದ ಮೇಲೆ ನಿಂತಿದೆ. ಮರ ಉದ್ದಕ್ಕೆ ಅಲುಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ನಿಮ್ಮ ಅಳತೆಯ, ಅಂದರೆ ಸುಮಾರು 75 ಸೆಂ.ಮೀ. ಅಗಲದ ಹಲಗೆಯನ್ನು ಸಾಮಾನ್ಯವಾಗಿ ಕೊಯ್ದ ತೇಗದಿಂದ ಮಾಡಿದಿರಿ ಎಂದುಕೊಳ್ಳಿ. ಮರದೊಳಗಿನ ತೇವಾಂಶ ಶೇ. 8ರಿಂದ ಶೇ. 12ಕ್ಕೆ ಏರಿದರೆ ಅದರ ಅಗಲ 5 ಮಿ.ಮೀ.ಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ತೇಗವು ಕಡಿಮೆ ಅಲುಗುವ ಮರಗಳ ಸಾಲಿಗೆ ಸೇರಿದ್ದು, ಅದರ ಪಾಡೇ ಹೀಗೆ. ಇಂಥ ಹಲಗೆಯನ್ನು ಅಲುಗಾಡದ ಪ್ಲೈವುಡ್ ಪೆಟ್ಟಿಗೆಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸಿದರೆ ಅದು ಬಾಗುತ್ತದೆ ಇಲ್ಲವೇ ಸೀಳುತ್ತದೆ, ಮತ್ತು ಆಮೇಲೆ ಬೈಸಿಕೊಳ್ಳುವುದು ಮರ.

ಜಪಾನಿನ ಬಡಗಿಗಳು ಇದಕ್ಕೆ ‘ಸುಯಿತ್ಸುಕಿ-ಝಾನ್’ ಎಂಬ ಅಡ್ಡಪಟ್ಟಿಯನ್ನು ಬಳಸುತ್ತಾರೆ. ಹಲಗೆಯ ತಳದಲ್ಲಿ, ಮರದ ಎಳೆಗೆ ಅಡ್ಡವಾಗಿ, ಬಾಯಿ ಕಿರಿದಾಗಿಯೂ ಒಳಗೆ ಅಗಲವಾಗಿಯೂ ಇರುವ ಕಾಲುವೆಯೊಂದನ್ನು ಕೊರೆದು, ಅದೇ ಆಕಾರಕ್ಕೆ ಕೆತ್ತಿದ ಪಟ್ಟಿಯನ್ನು ಒಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿಯುತ್ತ ಒಳಕ್ಕೆ ಸರಿಸುತ್ತಾರೆ. ಕಾಲುವೆ ಒಂದು ತುದಿಯಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಕಿರಿದಾಗುತ್ತ ಹೋಗುವುದರಿಂದ ಮೊದಲು ಕೈಯಲ್ಲೇ ಜಾರುವ ಪಟ್ಟಿ ಕೊನೆಯ ಕೆಲವು ಅಂಗುಲಗಳಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಡಿತದ ಸದ್ದು ಬದಲಾಗುವುದರಿಂದಲೇ ಅದು ಗೊತ್ತಾಗುತ್ತದೆ. ಅಂಟಿನ ಹನಿಯೂ ಇಲ್ಲ. ಹಲಗೆ ಬಾಗದಂತೆ ಪಟ್ಟಿ ಹಿಡಿದಿಡುತ್ತದೆ, ಹಿಗ್ಗಲಿಕ್ಕೆ ದಾರಿಯನ್ನೂ ಬಿಡುತ್ತದೆ. ನಮ್ಮ ಬಡಗಿಗಳಿಗೆ ಹೆಸರು ಹೇಳಬೇಕಾಗಿಲ್ಲ. ‘ಜಾರಿಸಿ ಕೂರಿಸುವ ಡವ್‌ಟೇಲ್’ ಎಂದು ಚಿತ್ರ ಬರೆದುಕೊಟ್ಟರೆ ಒಳ್ಳೆಯ ಕೈಯವರು ಮಾಡಿಕೊಡುತ್ತಾರೆ.

ಇನ್ನು ಮರದ ಆಯ್ಕೆ. ಸಹಜ ಅಂಚಿನ ಹಲಗೆ ಎಂದರೆ ನಗರದಲ್ಲಿ ಹೆಚ್ಚಾಗಿ ಸಿಗುವುದು ಮಳೆಮರ, ಅಂದರೆ ರೇನ್‌ಟ್ರೀ. ಅದು ಅಗಲವಾಗಿ ಬೆಳೆಯುತ್ತದೆ, ಒಣಗುವಾಗ ಕುಗ್ಗುವುದೂ ಕಡಿಮೆ. ಆದರೆ ಎರಡೂವರೆ ಅಂಗುಲ ದಪ್ಪದ ಹಸಿ ಹಲಗೆ ಗಾಳಿಯಲ್ಲಿ ಒಣಗಲು ಅಂಗುಲಕ್ಕೆ ಒಂದು ವರ್ಷದಂತೆ ಲೆಕ್ಕ ಹಿಡಿಯಬೇಕು, ಕಾಯಲಾರದವರು ಬಿಸಿಗೂಡಿನಲ್ಲಿ (ಕಿಲ್ನ್) ಒಣಗಿಸಿ ಹದಮಾಡಿದ್ದನ್ನೇ ಕೇಳಿ ಕೊಳ್ಳಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಾಗಲಿ ಬೇರೆಲ್ಲಾಗಲಿ, ತೇವಾಂಶ ಅಳೆಯುವ ಮೀಟರನ್ನು ನಿಮ್ಮ ಎದುರಿಗೇ ಇಟ್ಟು ಶೇ. 12ರೊಳಗೆ ತೋರಿಸಿದರೆ ಮಾತ್ರ ಮುಂಗಡ ಕೊಡಿ. ಯಾವ ಮರವೆಂಬ ಅನುಮಾನ ಬಂದರೆ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ತುಂಡನ್ನು ಪರೀಕ್ಷಿಸಿ ಜಾತಿಯನ್ನು ಗುರುತಿಸಿಕೊಡುತ್ತಾರೆ.

ನನ್ನನ್ನು ಕೇಳಿದರೆ ಹಲಸು. ವೀಣೆಯ ಕೊಡಕ್ಕೆ ಬಳಸುವ ಮರವೇ ಅದು. ಕೊಯ್ದಾಗ ಅರಿಸಿನದ ಬಣ್ಣದಲ್ಲಿದ್ದು, ಬೆಳಕು ತಾಗಿ ವರ್ಷಗಳಲ್ಲಿ ಜೇನಿನ ಕಂದಿಗೆ ತಿರುಗುತ್ತದೆ. ವಯಸ್ಸಾಗುವುದನ್ನು ಮುಚ್ಚಿಡದ ಆ ಗುಣ ನಿಮಗೆ ಬೇಕಾದ ಶೈಲಿಗೆ ಹತ್ತಿರ. ನಸು ಬಣ್ಣವೇ ಬೇಕೆಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಅನ್ನು ನೇರ ಎಳೆ ಬರುವಂತೆ ಕೊಯ್ಸಿ ನೋಡಿ. ಬೀಟೆಯ ಸುದ್ದಿಗೆ ಹೋಗಬೇಡಿ. ಅದರ ಸಾಗಣೆಗೆ ಅರಣ್ಯ ಇಲಾಖೆಯ ಕಾಗದಪತ್ರ ಬೇಕು, ಮೇಲಾಗಿ ಆ ಗಾಢ ಬಣ್ಣ ಚಿಕ್ಕ ಹಜಾರವನ್ನು ಇನ್ನೂ ಕುಗ್ಗಿಸುತ್ತದೆ.

ಸುಟ್ಟ ಹಲಗೆಯ ಬಗ್ಗೆ ನನಗೆ ಉತ್ಸಾಹವಿಲ್ಲ. ಯಾಕಿಸುಗಿ ಹುಟ್ಟಿದ್ದು ಮನೆಯ ಹೊರಗೋಡೆಗಾಗಿ. ಅದಕ್ಕೆ ಬಳಸುವ ಸುಗಿ ಎಂಬ ಜಪಾನಿ ಮರದಲ್ಲಿ ಮೆತ್ತನೆಯ ಪದರಕ್ಕೂ ಗಟ್ಟಿ ಪದರಕ್ಕೂ ವ್ಯತ್ಯಾಸ ಎದ್ದು ಕಾಣುವಷ್ಟಿದೆ. ಸುಟ್ಟು ಬ್ರಷ್ ಮಾಡಿದಾಗ ಮೂಡುವ ಗೀರುಗಳ ಚಂದ ಬರುವುದು ಅದರಿಂದಲೇ. ತೇಗವನ್ನೋ ಹಲಸನ್ನೋ ಸುಟ್ಟರೆ ಅದು ಅಷ್ಟು ಚೆನ್ನಾಗಿ ಬಾರದು. ಎಷ್ಟು ಉಜ್ಜಿ ಎಣ್ಣೆ ಹಚ್ಚಿದರೂ ಬಿಳಿ ಸೀರೆ, ಬಿಳಿ ಪ್ಯಾಂಟಿನವರು ಒರಗಿ ನಿಲ್ಲುವ ಜಾಗದಲ್ಲಿ ಮಸಿಯ ಭಯ ತಪ್ಪದು.

ಉತ್ತರ: ಜಗಲಿ (ವಾಸ್ತುಶಿಲ್ಪಿ)

ತೋಪಡ ಅವರ ಮಾತಿಗೆ ಒಂದು ಪೂರಕ. ಜಪಾನಿ ಮರಗೆಲಸದ ಶಿಸ್ತು ದಕ್ಷಿಣ ಭಾರತಕ್ಕೆ ಹೊಸದೇನಲ್ಲ. ಪುದುಚೇರಿಯ ಅರವಿಂದಾಶ್ರಮದ ‘ಗೋಲ್ಕೊಂಡೆ’ ವಸತಿಗೃಹವನ್ನು ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ತಮ್ಮ ಟೋಕಿಯೊ ಕಚೇರಿಯಿಂದ ವಿನ್ಯಾಸ ಮಾಡಿದಾಗ, 1930ರ ದಶಕದ ಕೊನೆಯಲ್ಲಿ ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಂಡವರಲ್ಲಿ ಜಾರ್ಜ್ ನಾಕಾಶಿಮಾ ಒಬ್ಬರು. ಸಹಜ ಅಂಚಿನ ಹಲಗೆಗಳಿಗೆ ಮುಂದೆ ಜಗತ್ತಿನಲ್ಲೆಲ್ಲ ಹೆಸರಾದವರು ಅವರೇ. ಅಲ್ಲಿನ ತೇಗದ ಪಟ್ಟಿಗಳ ಜಾರುಬಾಗಿಲುಗಳು ಗಾಳಿಯನ್ನು ಬಿಟ್ಟು ನೋಟವನ್ನು ತಡೆಯುತ್ತವೆ. ಅಲಂಕಾರವೆಂದು ಅಂಟಿಸಿದ್ದು ಒಂದೂ ಇಲ್ಲ. ಪುದುಚೇರಿಗೆ ಹೋದಾಗ ಹೊರಗಿನಿಂದಾದರೂ ಆ ಕಟ್ಟಡವನ್ನು ನೋಡಿ ಬನ್ನಿ.

ನನಗೆ ಮುಖ್ಯವೆನಿಸುವುದು ಮೇಜಿನ ಆಕಾರ. ಜಪಾನಿನ ಹಳೆಯ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಚಾಪೆಯ ಮೇಲೆ ಗಿಡ್ಡ ಮೇಜಿಟ್ಟು ಕುಳಿತು, ಸುತ್ತ ಮೊಣಕಾಲೆತ್ತರದ ಮರದ ಜಾಲರಿಯೊಂದನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಅದಕ್ಕೆ ‘ಚೋಬಾ-ಗೋಶಿ’ ಎನ್ನುತ್ತಾರೆ. ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಪದ್ಧತಿಯೂ ಇದರ ದೂರದ ನೆಂಟನೇ. ಎರಡರಲ್ಲೂ ಬಂದವರಿಗೂ ಕೂತವರಿಗೂ ನಡುವೆ ಗೋಡೆಯಿಲ್ಲ, ಮುಖ ಪೂರ್ತಿ ಕಾಣುತ್ತದೆ, ಹಣ ಮತ್ತು ಕಾಗದ ಮಾತ್ರ ಮರೆಯಲ್ಲಿರುತ್ತವೆ. ನಾಲ್ಕಡಿ ಎತ್ತರದ ಕೌಂಟರಿನ ಹಿಂದೆ ಹಣೆ ಮಾತ್ರ ಕಾಣುವ ಸ್ವಾಗತಕಾರಿಣಿ, ಮೊದಲೇ ಹೆದರಿ ಬಂದ ಹಲ್ಲುನೋವಿನ ರೋಗಿಗೆ ಯಾವ ಧೈರ್ಯ ಹೇಳಿಯಾಳು?

ಆದ್ದರಿಂದ ಎಂಟು ಅಡಿಯಲ್ಲಿ ಮೂರು ಅಡಿಯಷ್ಟು ಭಾಗವನ್ನು ಮಾತ್ರ 105 ಸೆಂ.ಮೀ. ಎತ್ತರಕ್ಕೆ ಇಟ್ಟು, ನಿಂತು ಸಹಿ ಮಾಡುವವರಿಗೆ ಬಿಡಿ. ಉಳಿದ ಐದು ಅಡಿಯನ್ನು 75ರಿಂದ 80 ಸೆಂ.ಮೀ. ಎತ್ತರದಲ್ಲಿ, ಕೆಳಗೆ ಮೊಣಕಾಲು ಹೋಗುವಷ್ಟು ಖಾಲಿ ಬಿಟ್ಟು ಮಾಡಿಸಿ. ಗಾಲಿಕುರ್ಚಿಯವರೂ ವಯಸ್ಸಾದವರೂ ಅಲ್ಲೇ ಎದುರುಬದುರಾಗಿ ಕುಳಿತು ಮಾತಾಡಬಹುದು. ಪ್ರಿಂಟರ್, ಕಾರ್ಡ್ ಯಂತ್ರ, ಯುಪಿಐ ಫಲಕ, ಯುಪಿಎಸ್ ಇವುಗಳ ಪಟ್ಟಿಯನ್ನು ಬಡಗಿ ಉಳಿ ಹಿಡಿಯುವ ಮೊದಲೇ ಕೊಡಿ. ತಂತಿಗಳು ಹಿಂಬದಿಯ ತೆರೆಯುವ ಕಾಲುವೆಯಲ್ಲಿ ಹೋಗದಿದ್ದರೆ ಎಷ್ಟು ಸೊಗಸಾದ ಹಲಗೆಯೂ ಮೊದಲ ವಾರದಲ್ಲೇ ಸೆಲ್ಲೋಟೇಪಿನ ಪಾಲಾಗುತ್ತದೆ.

ಮುಂಭಾಗಕ್ಕೆ ನನ್ನ ಸಲಹೆ ಸುಣ್ಣದ ಗಾರೆ. ಜಪಾನಿನ ‘ಶಿಕ್ಕುಯಿ’ಯಲ್ಲಿ ಸುಣ್ಣಕ್ಕೆ ಸೆಣಬಿನಂಥ ನಾರನ್ನೂ ಕಡಲಕಳೆಯ ಅಂಟನ್ನೂ ಸೇರಿಸಿದರೆ, ನಮ್ಮ ಹಳೆಯ ಗಾರೆಯಲ್ಲಿ ಬೆಲ್ಲ, ಅಳಲೆಕಾಯಿಯ ನೀರು ಸೇರುತ್ತಿದ್ದವು. ಹಿಂದೆ ಬಿದಿರಿನ ದಬ್ಬೆಗಳ ತಡಿಕೆ ಇದ್ದರೆ ಗಾರೆ ಕಚ್ಚುತ್ತದೆ, ಮತ್ತು ತಡಿಕೆ ಹೆಣೆಯುವ ಮೇದಾರರ ಕೈಗೂ ಕೆಲಸ ಸಿಗುತ್ತದೆ. ಬಿದಿರನ್ನು ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ದ್ರಾವಣದಲ್ಲಿ ನೆನೆಸಿರಬೇಕು. ಇಲ್ಲದಿದ್ದರೆ ಕುಟ್ಟೆ ಹುಳು ಬಿಡುವುದಿಲ್ಲ.

ಉತ್ತರ: ಸಾದರಹಳ್ಳಿ

ಗಾರೆಯ ವಿಷಯದಲ್ಲಿ ಜಗಲಿಯವರೊಂದಿಗೆ ಅರ್ಧ ಮಾತ್ರ ಒಪ್ಪಿಗೆ. ಮೇಜಿನ ಬುಡಕ್ಕೆ ಬೂಟು, ಚೀಲ, ನೆಲ ಒರೆಸುವ ಮಾಪು ಇವು ದಿನವೂ ತಾಗುತ್ತವೆ. ನೆಲದವರೆಗೆ ಗಾರೆ ಇಳಿಸಿದರೆ ಅಂಚು ಉದುರುತ್ತದೆ. ಜಪಾನಿನ ಚಹಾಕೋಣೆಗಳಲ್ಲೂ ಮಣ್ಣಿನ ಗೋಡೆಯ ಕೆಳಭಾಗಕ್ಕೆ, ಬಟ್ಟೆಗೆ ಮಣ್ಣು ತಾಗದಂತೆ, ಗೋಡೆಯೂ ಸವೆಯದಂತೆ ಕಾಗದ ಅಂಟಿಸುವ ರೂಢಿಯಿದೆ. ನೀವು ಆ ಜಾಗಕ್ಕೆ ಆರು ಅಂಗುಲ ಎತ್ತರದ ಸಾದರಹಳ್ಳಿ ಕಲ್ಲಿನ ಪಟ್ಟಿ ಕೂರಿಸಿ. ಪಾಲಿಶ್ ಬೇಡ, ಉಳಿಯ ಹೊಡೆತದ ಗುರುತು ಇರುವ ಬೂದು ಮೈ ನಿಮ್ಮ ಕೆಂಪು ನೆಲದ ಮೇಲೆ ಚೆನ್ನಾಗಿ ಕೂರುತ್ತದೆ. ಮೇಲ್ಹಲಗೆಯನ್ನೇ ಕಲ್ಲಿನದು ಮಾಡಿಸುವ ಆಲೋಚನೆ ಬಂದರೆ ಭಾರ ನೆನಪಿರಲಿ: ನಿಮ್ಮ ಅಳತೆಗೆ 20 ಮಿ.ಮೀ. ದಪ್ಪದ ಗ್ರಾನೈಟ್ ನೂರು ಕಿಲೋ ಸಮೀಪಕ್ಕೆ ಬರುತ್ತದೆ.

ಉತ್ತರ: ಅರಗು

ಲೇಪನದ ಪ್ರಶ್ನೆಗೆ ಯಾರೂ ಕೈಹಾಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಡಗಿಗಳು ಅಭ್ಯಾಸಬಲದಿಂದ ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಸ್ಯಾನಿಟೈಸರಿನಲ್ಲಿರುವುದೂ ಅದೇ ಜಾತಿಯ ಆಲ್ಕೋಹಾಲ್. ಒಂದು ಹನಿ ಬಿದ್ದು ಕೂತರೆ ಲೇಪನ ಕರಗಿ ಬಿಳಿ ಕಲೆ ಉಳಿಯುತ್ತದೆ, ಆದುದರಿಂದ ನಿಮ್ಮ ಮೇಜಿಗೆ ಅದು ಸಲ್ಲದು. ಪಿಯು (ಪಾಲಿಯುರೆಥೇನ್) ಲೇಪನ ಕರಗುವುದಿಲ್ಲ, ಆದರೆ ಗೀರು ಬಿದ್ದಾಗ ಆ ಜಾಗವನ್ನಷ್ಟೇ ಸರಿಪಡಿಸುವುದು ಕಷ್ಟ, ಮರದ ಮೈಯ ಸ್ಪರ್ಶವೂ ಹೋಗುತ್ತದೆ. ಮರದ ಹಾಲಿನಿಂದ ಮಾಡುವ ಜಪಾನಿನ ಉರುಶಿ ಮೆರುಗು ಆಲ್ಕೋಹಾಲಿಗೆ ಜಗ್ಗುವುದಿಲ್ಲವಾದರೂ, ಅದು ಗಟ್ಟಿಯಾಗಲು ಬೆಚ್ಚಗಿನ, ತೇವದ ಗಾಳಿಯ ಕಪಾಟು ಬೇಕು, ಹಸಿಯಿರುವಾಗ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಇಲ್ಲಿ ಅದರ ಗೋಜು ಬೇಡ.

ಗಟ್ಟಿ ಮೇಣ ಬೆರೆಸಿದ ಎಣ್ಣೆ, ಅಂದರೆ ಹಾರ್ಡ್‌ವ್ಯಾಕ್ಸ್ ಆಯಿಲ್, ನಿಮಗೆ ಸರಿಹೋಗುತ್ತದೆ. ಕಲೆಯಾದ ಜಾಗವನ್ನು ಮಾತ್ರ ಮರಳುಕಾಗದದಿಂದ ಉಜ್ಜಿ ಮತ್ತೆ ಹಚ್ಚಬಹುದು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ ಎಂದು ಕೆಲಸದವರಿಗೆ ಖಂಡಿತ ಹೇಳಿ. ಹಲಸನ್ನೇ ಆರಿಸಿದರೆ ಮೊದಲ ಕೆಲವು ತಿಂಗಳು ಮೇಜಿನ ಮೇಲಿನ ವಸ್ತುಗಳನ್ನು ಆಗಾಗ ಜರುಗಿಸುತ್ತಿರಿ, ಇಲ್ಲದಿದ್ದರೆ ಅವುಗಳ ನೆರಳು ಹಳದಿಯಾಗಿಯೇ ಉಳಿಯುತ್ತದೆ.

ಬಸವನಗುಡಿ ದಂತವೈದ್ಯೆ

ಎಲ್ಲರಿಗೂ ಅನಂತ ಧನ್ಯವಾದಗಳು. ಹಲಸಿನ ಮೇಲ್ಹಲಗೆ, ಎರಡು ಎತ್ತರ, ಗಾರೆಯ ಮುಂಭಾಗ, ಬುಡಕ್ಕೆ ಕಲ್ಲು ಎಂದು ನಿಶ್ಚಯಿಸಿದ್ದೇನೆ. ಸ್ಯಾನಿಟೈಸರ್ ಬಾಟಲಿ ನಿಲ್ಲುವ ಜಾಗದಲ್ಲಿ ಹಲಗೆಯೊಳಗೇ ಅಂಗೈಯಗಲದ ಕಲ್ಲೊಂದನ್ನು ಕೂರಿಸಬಹುದೇ? ಕುಮಿಕೊ ಜಾಲರಿಯ ಆಸೆಯನ್ನು ಬಿಡಬೇಕೋ ಇಟ್ಟುಕೊಳ್ಳಬಹುದೋ?

ಉತ್ತರ: ತೋಪಡ

ಕಲ್ಲನ್ನು ಧಾರಾಳವಾಗಿ ಕೂರಿಸಿ, ಆದರೆ ಹಲಗೆ ಕುಗ್ಗಿದಾಗ ಕಲ್ಲು ಜಾಗ ಬಿಡುವುದಿಲ್ಲ. ಎಳೆಗೆ ಅಡ್ಡವಾದ ಎರಡು ಬದಿಯಲ್ಲಿ ಒಂದೊಂದು ಮಿ.ಮೀ. ಸಂದು ಬಿಟ್ಟು, ಕಲ್ಲಿನ ನಡುವಿಗೆ ಮಾತ್ರ ಸಿಲಿಕೋನ್ ಹಾಕಿ.

ಕುಮಿಕೊದಲ್ಲಿ ಚಿತ್ರಗಳಲ್ಲಿ ನೀವು ನೋಡಿರುವುದು ಬಹುಶಃ ನಕ್ಷತ್ರದಂತೆ ಕಾಣುವ ‘ಅಸಾನೊಹಾ’ ವಿನ್ಯಾಸ. ಅದರ ಒಂದೊಂದು ಕಡ್ಡಿಯ ತುದಿಯನ್ನೂ ನಿಗದಿತ ಕೋನಕ್ಕೆ ಕತ್ತರಿಸಿ, ಮೊಳೆಯಿಲ್ಲದೆ ಒತ್ತಡದಿಂದಲೇ ನಿಲ್ಲುವಂತೆ ಕೂರಿಸಬೇಕು. ಅದನ್ನು ಕಲಿತ ಕೈ ಸಿಗದೆ ಮಾಡಿಸಿದರೆ ಕೊನೆಗೆ ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ) ಬಂದು ಕೂರುತ್ತದೆ, ನೀವು ಬೇಡವೆಂದ ಲ್ಯಾಮಿನೇಟಿನ ತಮ್ಮನಾಗಿ. ಅದರ ಬದಲು ಜಗಲಿಯವರು ಹೇಳಿದ ಚೋಬಾ-ಗೋಶಿಯಂತೆ, ತಗ್ಗಿನ ಭಾಗದ ಮೇಲೆ ಒಂದು ಗೇಣು ಎತ್ತರದ ನೇರ ಪಟ್ಟಿಗಳ ಜಾಲರಿಯನ್ನು ಸಿಲ್ವರ್ ಓಕ್‌ನಲ್ಲಿ ಮಾಡಿಸಿ. ಮಾನಿಟರಿನ ಹಿಂಬದಿಯೂ ಕಾಗದಗಳೂ ಮರೆಯಾಗುತ್ತವೆ. ಅಡ್ಡಪಟ್ಟಿ ಉದ್ದಪಟ್ಟಿಗಳು ಅರ್ಧರ್ಧ ಕಚ್ಚಿ ಕೂರುವ ಈ ಜೋಡಣೆ, ಹಳೆಯ ಕಿಟಕಿಗಳ ಕೆಲಸ ಮಾಡಿದ ಯಾವ ಬಡಗಿಗೂ ಬರುತ್ತದೆ. ಪಟ್ಟಿಗಳ ನಡುವೆ ಬೆರಳಿಗೆ ಬಟ್ಟೆ ಸುತ್ತಿ ತೂರಿಸುವಷ್ಟು ಅಂತರವಿರಲಿ, ಏಕೆಂದರೆ ಬಸವನಗುಡಿಯ ರಸ್ತೆಯ ಧೂಳು ಅಸಾನೊಹಾದ ಮೂಲೆಗಳಲ್ಲಿ ಕೂತರೆ ಅದನ್ನು ತೆಗೆಯಲು ನಿಮ್ಮ ಹಲ್ಲು ಶುಚಿಮಾಡುವ ಉಪಕರಣಗಳೇ ಬೇಕಾದಾವು.