ಸಹಾಯ ಬೇಕು: ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ತುಂಬಾ ನಿಧಾನ

ಎಲ್ಲರಿಗೂ ನಮಸ್ಕಾರ. ಚಾರ್ಜರ್ ಹಾಕಿದ್ದರೆ ನನ್ನ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತದೆ. ತೆಗೆದರೆ ಸಾಕು, ಒಂದು ಅಕ್ಷರ ಒತ್ತಿದರೆ ಪರದೆ ಮೇಲೆ ಬರಲು ಎರಡು ಸೆಕೆಂಡ್ ಬೇಕು. ನಮ್ಮದು ತೀರ್ಥಹಳ್ಳಿ ಕಡೆ. ಮಳೆ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡಿಟಿಪಿ ಕೆಲಸವೇ ನನ್ನ ಜೀವನ, ಹಾಗಾಗಿ ಬ್ಯಾಟರಿಯಲ್ಲೂ ಅದು ನಡೆಯಲೇಬೇಕು.

ವಿಂಡೋಸ್ 11, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆ. ನಾಲ್ಕು ವರ್ಷ ಹಳೆಯದು. ಬ್ಯಾಟರಿ ಸೇವರ್ ಆಫ್ ಮಾಡಿದೆ. ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ಇಟ್ಟೆ. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ (ಪ್ರೊಸೆಸರ್ ಎಷ್ಟರ ಮಟ್ಟಿಗೆ ಓಡಬಹುದು ಅನ್ನೋ ಮಿತಿ) ಬ್ಯಾಟರಿಗೂ 100% ಇದೆ. ಆದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಪ್ರೊಸೆಸರ್) ವೇಗ 0.4 ಗಿಗಾಹರ್ಟ್ಸ್ ದಾಟುವುದೇ ಇಲ್ಲ. ಚಾರ್ಜರ್ ಹಾಕಿದರೆ 3ಕ್ಕೆ ಏರುತ್ತದೆ. ವೈರಸ್ ಆಗಿದ್ದರೆ ಆಗಲೂ ನಿಧಾನ ಇರಬೇಕಿತ್ತು ಅಲ್ವಾ?

ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ. ಹೊಸದರಲ್ಲಿ 41,000 ಮಿಲಿವ್ಯಾಟ್ ಅವರ್ ಸಾಮರ್ಥ್ಯ ಇದ್ದದ್ದು ಈಗ ಪೂರ್ತಿ ಚಾರ್ಜ್ ಆದರೂ 17,500. ಸವೆದ ಬ್ಯಾಟರಿಗೆ ಬೇಕಾದಷ್ಟು ಪವರ್ ಕೊಡಲು ಆಗದೆ, ಮದರ್‌ಬೋರ್ಡೇ ಪ್ರೊಸೆಸರ್ ವೇಗ ಇಳಿಸುತ್ತಿದೆ ಅಂತ ನನ್ನ ಅನುಮಾನ. ಅಂಗಡಿಯವರು ಸುಮ್ನೆ ಫಾರ್ಮ್ಯಾಟ್ ಮಾಡಿಸಿ ಅಂತಾರೆ. ಬ್ಯಾಟರಿ ಬದಲಿಸಿದರೆ ಸರಿ ಹೋಗುತ್ತದಾ? ಅಥವಾ ಮೊದಲು ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ನೋಡಬೇಕಾ? ಇದೇ ತೊಂದರೆ ಕಂಡವರು ದಯವಿಟ್ಟು ತಿಳಿಸಿ.